ಗ್ಯಾರೇಜಿನ ಅಣ್ಣನ ಕೂಗು

ಗ್ಯಾರೇಜಿನ ಅಣ್ಣ ತಮ್ಮ ಎಡಗಾಲಿನ ಚಪ್ಪಲಿಯನ್ನು ಹಿಮ್ಮಡಿಯ ಸುತ್ತ ಸೈಕಲ್ ಟ್ಯೂಬಿನ ಪಟ್ಟಿಯೊಂದರಿಂದ ಕಟ್ಟಿರುತ್ತಿದ್ದರು. ಬಲಗಾಲಿಗೆ ಆ ಪಟ್ಟಿ ಇರಲಿಲ್ಲ. ಮೊದಲ ಸಲ ನೋಡಿದಾಗ ಬಾರು ಕಿತ್ತಿರಬೇಕು ಎಂದುಕೊಂಡೆ. ಬಾರು ಸರಿಯಾಗಿಯೇ ಇತ್ತು. ಆ ಪಾದಕ್ಕೆ ಸ್ಪರ್ಶವಿರಲಿಲ್ಲ, ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಾಸನದ ಲಾರಿ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾಗ ಜಾಕ್ ಜಾರಿ, ಸೊಂಟದ ಮೇಲೆ ಭಾರ ಬಿದ್ದು, ಒಂದು ನರ ಸತ್ತುಹೋಗಿತ್ತು. ಕಾಲಿನ ಬಲ ಮಾತ್ರ ಹೋಗಿರಲಿಲ್ಲ. ನಡೆಯುತ್ತಿದ್ದರು, ಬೈಕಿನ ಗೇರ್ ಒತ್ತುತ್ತಿದ್ದರು. ಗೇರ್ ಬಿತ್ತೋ ಇಲ್ಲವೋ ಎನ್ನುವುದನ್ನು ಕಿವಿಯಿಂದ ತಿಳಿಯುತ್ತಿದ್ದರು.

"ಈ ಕಾಲು ಡ್ಯೂಟಿ ಮಾಡ್ತದೆ ಡಾಕ್ಟ್ರೇ, ರಿಪೋರ್ಟ್ ಮಾತ್ರ ಕೊಡಾಕಿಲ್ಲ" ಎಂದು ನಗುತ್ತಿದ್ದರು.

ನಾನು ಡಾಕ್ಟರಲ್ಲ. ಹಳೇಕೋಟೆಯ ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಹೋಬಳಿಯ ಜನಕ್ಕೆ ಆ ವ್ಯತ್ಯಾಸ ಬೇಕಿಲ್ಲ. ಹಸುವಿನ ಹೊಟ್ಟೆಯೊಳಗೆ ಕೈ ಹಾಕುವವರೆಲ್ಲ ಅವರಿಗೆ ಡಾಕ್ಟರೇ. ಹೊಳೆನರಸೀಪುರದ ನಮ್ಮ ಮನೆಯಿಂದ ದಿನವೂ ಬೈಕಿನಲ್ಲಿ ಹೋಗಿ, ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನು ತಣ್ಣಗಿಡುವ ನೈಟ್ರೋಜನ್ ಕ್ಯಾನನ್ನು ಹಿಂದೆ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತುವುದು ನನ್ನ ಕೆಲಸ. ಆಸ್ಪತ್ರೆಗೂ ಅಣ್ಣನ ಗ್ಯಾರೇಜಿಗೂ ನಡುವೆ ಒಂದು ಹಿಟ್ಟಿನ ಗಿರಣಿ ಮಾತ್ರ ಇತ್ತು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು. ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ಅವರ ಗಂಟಲು ದೊಡ್ಡದು. ಕೈಯಲ್ಲಿ ಸ್ಪ್ಯಾನರ್ ಇರಲಿ, ಬಾಯಲ್ಲಿ ಮುದ್ದೆಯ ತುತ್ತಿರಲಿ, ರಸ್ತೆಯಲ್ಲಿ ಸೈಡ್ ಸ್ಟ್ಯಾಂಡ್ ಎತ್ತದೆ ಹೋಗುವ ಬೈಕ್ ಕಂಡರೆ ಕೂಗು ಹೊರಟೇಬಿಡುತ್ತಿತ್ತು. "ಅಣ್ಣೋ, ಸ್ಟ್ಯಾಂಡೂ!" ಸವಾರ ಹೆಣ್ಣುಮಗಳಾದರೆ, "ಅವ್ವಾ, ಸ್ಟ್ಯಾಂಡು ಕಣವ್ವಾ!" ಗುರುತಿನ ಹುಡುಗರಾದರೆ, "ಲೇ, ಎಡಗಡೆ ನೆಲ ಉಳ್ತಾ ಇದ್ದೀಯ ಕಣ್ಲಾ!" ಸವಾರರು ತಿರುಗಿಯೂ ನೋಡದೆ ಹಿಮ್ಮಡಿಯಿಂದ ಸ್ಟ್ಯಾಂಡನ್ನು ಒದ್ದು, ಒಂದು ಕೈ ಎತ್ತಿ, ಹೋಗಿಬಿಡುತ್ತಿದ್ದರು.

"ನೋಡಿ ಡಾಕ್ಟ್ರೇ," ಎಂದಿದ್ದರು ಒಮ್ಮೆ. "ಈ ಊರಲ್ಲಿ ಹೊಲದ ಬದಿನ ಜಗಳಕ್ಕೆ ಮಾತು ಬುಟ್ಟವ್ರು ಎಷ್ಟು ಜನವ್ರೆ. ಅವ್ರೂ ಈ ಒಂದು ಮಾತ ಕೂಗ್ತಾರೆ. ಕೂಗ್ಬುಟ್ಟು ಆಮೇಲೆ ಮುಖ ತಿರುಗುಸ್ಕತ್ತಾರೆ."

ನನ್ನ ಬೈಕಿನ ಸೈಡ್ ಸ್ಟ್ಯಾಂಡಿಗೆ ಒಂದು ಸ್ವಿಚ್ ಇತ್ತು. ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೆ ಅದು ಎಂಜಿನನ್ನು ನಿಲ್ಲಿಸುತ್ತದೆ. ಅಣ್ಣನ ಬೈಕಿಗೂ ಅದೇ ಬಗೆಯ ಸ್ವಿಚ್ ಇತ್ತು. ತಮ್ಮ ಎಡಗಾಲು ಸ್ಟ್ಯಾಂಡನ್ನು ಎತ್ತಿತೋ ಇಲ್ಲವೋ ಎಂದು ಅವರಿಗೆ ತಿಳಿಯುತ್ತಿದ್ದುದು ಅದರಿಂದಲೇ. ಗೇರ್ ಹಾಕುತ್ತಿದ್ದರು. ಎಂಜಿನ್ ನಿಂತರೆ ಸ್ಟ್ಯಾಂಡ್ ಇಳಿದಿದೆ, ನಿಲ್ಲದಿದ್ದರೆ ಏರಿದೆ. "ನನ್ನ ಕಾಲು ಸುಳ್ಳು ಯೋಳ್ತದೆ, ಸ್ವಿಚ್ಚು ಯೋಳಾಕಿಲ್ಲ" ಎನ್ನುತ್ತಿದ್ದರು. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಮಣ್ಣು ತೆಗೆಯುತ್ತಿದ್ದರು.

ನನ್ನದು ಒಂದು ಮಳೆಗಾಲದಲ್ಲಿ ಕೆಟ್ಟಿತು. ಸ್ಟ್ಯಾಂಡ್ ಮೇಲೇ ಇರುತ್ತಿತ್ತು, ಬೈಕ್ ಓಡುತ್ತಿತ್ತು, ಯಾವುದೋ ಹಳ್ಳದಲ್ಲಿ ಇಳಿದೇಳುವಾಗ ಎಂಜಿನ್ ತಟ್ಟನೆ ಸಾಯುತ್ತಿತ್ತು. ಅಣ್ಣ ಎರಡು ಸಲ ಸ್ವಿಚ್ ಬಿಚ್ಚಿ ತೊಳೆದರು, ಸ್ಟ್ಯಾಂಡಿನ ಸ್ಪ್ರಿಂಗ್ ಬದಲಿಸಿದರು. ಗ್ಯಾರೇಜಿನ ಮುಂದೆ ಎಷ್ಟು ಸುತ್ತು ಹೊಡೆದರೂ ಬೈಕ್ ನಿಲ್ಲುತ್ತಿರಲಿಲ್ಲ.

"ಯಾವಾಗ ಆಫಾಯ್ತದೆ?" ಎಂದು ಕೇಳಿದರು.

"ಯಾವಾಗಂದ್ರೆ ಆವಾಗ."

"ಅಂಗಂದ್ರೆ ಆಗಾಕಿಲ್ಲ ಸಾ. ಒಂದಿನ ಬುಟ್ಟೋಗಿ, ವೈರು ಪೂರ್ತಿ ನೋಡ್ತೀನಿ."

ಬಿಟ್ಟುಹೋಗಲು ನನಗೆ ದಿನವಿರಲಿಲ್ಲ. ಆ ವಾರವೇ ಒಂದು ಹಳ್ಳಿಯಿಂದ ಫೋನ್ ಬಂತು. ಹಸು ಬೆಳಗಿನಿಂದ ತಿಣುಕುತ್ತಿದೆ, ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿದೆ ಎಂದರು. ಏರಿನಲ್ಲಿ ಬೈಕ್ ನಿಂತುಬಿಟ್ಟಿತು. ಈ ಸಲ ಸ್ಟಾರ್ಟ್ ಮಾಡಿ ಗೇರ್ ಹಾಕಿದಾಗಲೆಲ್ಲ ಮತ್ತೆ ನಿಂತಿತು. ಚೀಲ ಹೆಗಲಿಗೆ ಹಾಕಿಕೊಂಡು ನಡೆದೆ, ಸ್ವಲ್ಪ ದೂರ ಓಡಿದೆ. ನಾನು ಮುಟ್ಟುವ ಹೊತ್ತಿಗೆ ಕರು ಒಳಗೇ ಸತ್ತಿತ್ತು. ಎಳೆದು ಹಾಕಿದೆ, ಹಸು ಉಳಿಯಿತು. ಆ ಮನೆಯ ಅಜ್ಜಿ ನನ್ನನ್ನು ಬೈಯಲಿಲ್ಲ. ಕೈ ತೊಳೆಯಲು ಬಿಸಿನೀರು ಹಾಕಿದಳು, ಸೋಪು ಹುಡುಕಿ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಅದೇ ಸಂಜೆ ಅಣ್ಣನ ಮುಂದೆ ನಿಂತೆ. "ಅಣ್ಣ, ಡೈರೆಕ್ಟ್ ಮಾಡಿಕೊಡಿ" ಎಂದೆ. ಸ್ವಿಚ್ಚಿನ ಎರಡು ವೈರುಗಳನ್ನು ಕತ್ತರಿಸಿ ಒಂದಕ್ಕೊಂದು ಸೇರಿಸಿದರೆ, ಸ್ಟ್ಯಾಂಡ್ ಎಲ್ಲಿದ್ದರೂ ಎಂಜಿನ್ ಓಡುತ್ತದೆ. ಐದು ನಿಮಿಷದ ಕೆಲಸ.

ಅವರು ಕೈ ಒರೆಸಿಕೊಂಡರು. "ಕರು ವಿಷ್ಯ ಕೇಳ್ದೆ. ಸಂಕ್ಟ ಆಯ್ತು. ಆದ್ರೂ ಅದ ಮಾತ್ರ ನಾ ಮಾಡಾಕಿಲ್ಲ. ನೋವಾಯ್ತದೆ ಅಂತ ಹಸ ಅರಚ್ತದೆ. ಅರಚ್ಬಾರ್ದು ಅಂತ ಬಾಯಿ ಕಟ್ಬುಟ್ರೆ ನೋವು ಓಯ್ತದಾ ಡಾಕ್ಟ್ರೇ?"

ನನಗೆ ಸಿಟ್ಟು ಬಂತು. ಎರಡು ದಿನದ ನಂತರ ಅರಕಲಗೂಡಿಗೆ ಹೋದಾಗ, ಗುರುತಿಲ್ಲದ ಒಂದು ಗ್ಯಾರೇಜಿನಲ್ಲಿ ಡೈರೆಕ್ಟ್ ಮಾಡಿಸಿದೆ. ಹೇಳಿ ಮಾಡಿಸಿದೆ: ವೈರು ಮೇಲೆ, ಟ್ಯಾಂಕಿನ ಕೆಳಗೆ ಸೇರಿಸಿ, ಸ್ವಿಚ್ ಇದ್ದಲ್ಲೇ ಇರಲಿ, ಹೊರಗೆ ಏನೂ ಕಾಣಬಾರದು. ಯಾರಿಗೆ ಕಾಣಬಾರದು ಎಂದು ಅವನು ಕೇಳಲಿಲ್ಲ. ಆಮೇಲೆ ಬೈಕ್ ಒಂದು ಸಲವೂ ನಿಲ್ಲಲಿಲ್ಲ. ಅಣ್ಣ ಕೇಳಿದಾಗ "ಸರಿಹೋಯ್ತು" ಎಂದೆ. ಅವರು ಹುಬ್ಬೇರಿಸಿ, "ತಾನಾಗೇ?" ಎಂದರು. "ತಾನಾಗೇ" ಎಂದೆ.

ಮುಂದಿನದನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಕಂಡಷ್ಟನ್ನೇ ಬರೆಯುತ್ತೇನೆ.

ಮಧ್ಯಾಹ್ನ, ಊಟದ ಹೊತ್ತು. ಕ್ಯಾನನ್ನು ಆಸ್ಪತ್ರೆಯಲ್ಲಿ ಇಳಿಸಿ, ಚೈನ್ ಬಿಗಿ ಮಾಡಿಸಲು ಗ್ಯಾರೇಜಿಗೆ ಬಂದಿದ್ದೆ. ಕೆಲಸ ಮುಗಿದಿತ್ತು. ಆಗ ಅಣ್ಣನ ಫೋನ್ ಬಡಿಯಿತು. ಅಕ್ಕ, ಅಂದರೆ ಅವರ ಹೆಂಡತಿ, ಚನ್ನರಾಯಪಟ್ಟಣದ ಮಗಳ ಮನೆಯಿಂದ ವಾಪಸು ಬರುತ್ತಿದ್ದರು. ಬಸ್ಸು ಊರೊಳಕ್ಕೆ ಬರದೆ ಹೊರಗಿನ ಕೈಕಂಬದ ಕೂಡುರಸ್ತೆಯಲ್ಲೇ ಇಳಿಸಿ ಹೋಗುತ್ತದಂತೆ. ಅಕ್ಕನಿಗೆ ಮಂಡಿನೋವು, ಕೈಯಲ್ಲಿ ಎರಡು ಚೀಲ. ಅಣ್ಣನ ಬೈಕಿನ ಎಂಜಿನ್ ಬಿಚ್ಚಿಟ್ಟಿದ್ದರು.

"ನಿಮ್ಮ ಗಾಡಿ ಕೊಡಿ ಸಾ, ಇಂಗೋಗಿ ಅಂಗ್ ಬತ್ತೀನಿ."

"ತಗೊಂಡು ಹೋಗಿ ಅಣ್ಣ" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ಅವರು ಹತ್ತಿ ಸ್ಟಾರ್ಟ್ ಮಾಡಿದರು. ಎಡಗಾಲು ಸ್ಟ್ಯಾಂಡಿಗೆ ತಾಗಿತು, ತಳ್ಳಿತು, ಟ್ಯೂಬಿನ ಪಟ್ಟಿ ಸ್ಟ್ಯಾಂಡಿನ ತುದಿಗೆ ಸಿಕ್ಕು ಬಿಟ್ಟುಕೊಂಡಿತು. ಅರ್ಧ ಮೇಲೆ ಹೋದ ಸ್ಟ್ಯಾಂಡ್ ಮತ್ತೆ ಕೆಳಗೆ ಬಂತು. ಅವರು ಗೇರ್ ಹಾಕಿದರು. ಒಂದು ಕ್ಷಣ ತಲೆ ಓರೆ ಮಾಡಿ ಕೇಳಿದರು. ಎಂಜಿನ್ ನಿಲ್ಲಲಿಲ್ಲ. ನಿಲ್ಲದಿದ್ದರೆ ಏರಿದೆ ಎಂದು ಅರ್ಥ. ಅವರು ಹೊರಟರು.

ನಾನು ಸ್ಟ್ಯಾಂಡನ್ನು ನೋಡಿದೆ. ಗ್ಯಾರೇಜಿನ ಬಾಗಿಲಿನಿಂದ ಅರಳಿಕಟ್ಟೆಯ ಎಡ ತಿರುವಿಗೆ ಅರವತ್ತೆರಡು ಹೆಜ್ಜೆ. ಆಮೇಲೊಂದು ದಿನ ನಡೆದು ನೋಡಿದ್ದೇನೆ. ಅಷ್ಟು ದೂರವೂ ನಾನು ಸ್ಟ್ಯಾಂಡನ್ನು ನೋಡುತ್ತಿದ್ದೆ. ಕೈ ಎತ್ತಿದೆ. ಬಾಯಿ ತೆರೆದೆ. ಕೂಗಿದರೆ ಅವರು ನಿಲ್ಲಿಸುತ್ತಾರೆ, ಕೆಳಗೆ ನೋಡುತ್ತಾರೆ. ಸ್ಟ್ಯಾಂಡ್ ಇಳಿದಿದೆ, ಬೈಕು ಗೇರಿನಲ್ಲಿದೆ, ಎಂಜಿನ್ ಓಡುತ್ತಿದೆ. ನಾನು ಏನು ಮಾಡಿಸಿದ್ದೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ನನ್ನ ತಲೆಯಲ್ಲಿ ಹಾದುಹೋಯಿತು. ಇದಕ್ಕೆಲ್ಲ ಸಮಯವಿತ್ತು, ಒಂದು ಮಾತು ಕೂಗುವುದಕ್ಕೆ ಮಾತ್ರ ಇರಲಿಲ್ಲ. ನನ್ನ ಗಂಟಲಿನಿಂದ ದನಿ ಹೊರಟಾಗ ಬೈಕ್ ಎಡಕ್ಕೆ ಬಾಗಿಯಾಗಿತ್ತು. ಸ್ಟ್ಯಾಂಡ್ ನೆಲಕ್ಕೆ ತಾಗಿ ಕಿಡಿ ಹಾರಿತು. ಬೈಕ್ ಹಿಂದುಮುಂದಾಗಿ ತಿರುಗಿ ಅವರನ್ನು ಬಲಕ್ಕೆ ಎಸೆಯಿತು. ಅವರು ಬಲಭುಜ ಊರಿ ಬಿದ್ದರು.

ನಾನು ಓಡಿಹೋದೆ. ಮಲಗಿದ್ದ ಬೈಕಿನ ಎಂಜಿನ್ ಇನ್ನೂ ಓಡುತ್ತಿತ್ತು.

"ಆಫ್ ಮಾಡಿ ಡಾಕ್ಟ್ರೇ, ಪೆಟ್ರೋಲ್ ಚೆಲ್ತದೆ" ಎಂದರು. ಆಫ್ ಮಾಡಿದೆ. ಮಲಗಿದಲ್ಲಿಂದಲೇ ಅವರು ಸ್ಟ್ಯಾಂಡನ್ನು ನೋಡಿದರು. ನನ್ನ ಮುಖ ನೋಡಿದರು. ಕಣ್ಣು ಮುಚ್ಚಿ, "ಅವ್ಳು ಬಿಸ್ಲಲ್ಲಿ ನಿಂತವ್ಳೆ. ಯಾರಾನ ಓಗಿ ಕರ್ಕಬನ್ನಿ" ಎಂದರು.

ವಾಪಸು ಬರುವಾಗ ಬಿದ್ದಿದ್ದರೆ ಹಿಂದೆ ಅಕ್ಕ ಕೂತಿರುತ್ತಿದ್ದರು. ಹಾಸನದ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುವಾಗ ನನ್ನ ತಲೆಯಲ್ಲಿ ಇದೊಂದೇ ಇತ್ತು. ಭುಜದ ಮುಂದಿನ ಮೂಳೆ ಎರಡಾಗಿತ್ತು, ತಲೆಗೆ ಏನೂ ಆಗಿರಲಿಲ್ಲ. ದಾರಿಯಲ್ಲಿ ಹೇಳಿದೆ. "ಅಣ್ಣ, ಅರಕಲಗೂಡಿನಲ್ಲಿ ಡೈರೆಕ್ಟ್ ಮಾಡಿಸಿದ್ದೆ."

"ಗೊತ್ತಾಯ್ತು ಬುಡಿ" ಎಂದರು.

ಅರವತ್ತೆರಡು ಹೆಜ್ಜೆಯ ವಿಷಯ ಹೇಳಲಿಲ್ಲ.

ಮೂರು ವಾರದ ನಂತರ ಗ್ಯಾರೇಜಿನ ಬಾಗಿಲು ತೆರೆದಿತ್ತು. ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿ ಇಳಿಬಿಟ್ಟುಕೊಂಡು, ಹಳೆಯ ಟೈರಿನ ಮೇಲೆ ಅಣ್ಣ ಕೂತಿದ್ದರು. ನನ್ನನ್ನು ಕಂಡು, "ಗಾಡಿ ತಂದಿದ್ದೀರಾ? ತಂದು ನಿಲ್ಸಿ. ನನ್ನ ಕೈಲಾಗಾಕಿಲ್ಲ, ನೀವೇ ಬಿಚ್ಚಿ" ಎಂದರು.

"ನನಗೆ ಬರಲ್ಲ ಅಣ್ಣ."

"ಹಸಿನ ಒಳಗೆ ಕಣ್ಣಿಗೆ ಕಾಣ್ದೇ ಇರೋದ್ನ ರಿಪೇರಿ ಮಾಡ್ತೀರಿ. ಇದು ಕಣ್ಮುಂದೆ ಅದೆ, ಬರಾಕಿಲ್ವಾ?"

ಟ್ಯಾಂಕ್ ಎತ್ತಿಸಿದರು. ಅರಕಲಗೂಡಿನ ಗಂಟನ್ನು ಮೊದಲು ಬಿಚ್ಚಿಸಿದರು. ಬ್ಯಾಟರಿಗೆ ಕಟ್ಟಿದ ಒಂದು ಸಣ್ಣ ಬಲ್ಬನ್ನು ಕೊಟ್ಟು, ಅದರ ಎರಡು ತುದಿಗಳನ್ನು ಸ್ವಿಚ್ಚಿನ ಎರಡು ವೈರುಗಳಿಗೆ ಮುಟ್ಟಿಸಲು ಹೇಳಿದರು. ಸ್ಟ್ಯಾಂಡ್ ಎತ್ತಿದೆ, ಬಲ್ಬು ಹತ್ತಿತು. ಇಳಿಸಿದೆ, ಆರಿತು. ಹತ್ತು ಸಲ ಮಾಡಿಸಿದರು. ಹತ್ತು ಸಲವೂ ಸರಿಯಾಗಿತ್ತು.

"ಸ್ವಿಚ್ಚಿಗೇನೂ ಆಗಿಲ್ಲ. ಸುಮ್ನೆ ಅದ್ರ ಮ್ಯಾಲೆ ತಪ್ಪು ಒರ್ಸುದ್ವಿ" ಎಂದವರು ತಟ್ಟನೆ ಕೇಳಿದರು: "ಡಾಕ್ಟ್ರೇ, ಗಾಡಿ ನಿಂತಾಗೆಲ್ಲ ಹಿಂದ್ಗಡೆ ಆ ಕ್ಯಾನು ಇತ್ತಾ?"

ಯೋಚಿಸಿದೆ. ಇತ್ತು. ಯಾವಾಗಲೂ ಇತ್ತು. ಗ್ಯಾರೇಜಿಗೆ ಬರುವಾಗ ಮಾತ್ರ ಅದನ್ನು ಆಸ್ಪತ್ರೆಯಲ್ಲಿ ಇಳಿಸಿ ಬರುತ್ತಿದ್ದೆ.

ಅವರು ಎಡಗೈಯಿಂದ ಹಣೆ ಬಡಿದುಕೊಂಡರು. "ಅಯ್ಯೋ ನಿಮ್ಮ! ಕಾಯಿಲೆ ಹಸವ ಮನೇಲಿ ಬುಟ್ಟು ಬಂದು ಔಸ್ತಿ ಕೇಳಿದ್ರೆ ನೀವು ಕೊಟ್ಟೀರಾ?"

ನಾನು ಹೋಗಿ ಕ್ಯಾನ್ ತಂದು, ದಿನವೂ ಕಟ್ಟುವಂತೆ ಕಟ್ಟಿದೆ. ರಬ್ಬರ್ ಹಗ್ಗದ ಕೊಕ್ಕೆಯನ್ನು ಎಡಗಡೆ ಕೆಳಗಿನ ಚಾಸಿಯ ಕೊಳವೆಗೆ ಸಿಕ್ಕಿಸುವುದು ನನ್ನ ರೂಢಿ. ಅಣ್ಣ ಬಗ್ಗಿ ನೋಡಿದರು. "ಈಗ ಕಣ್ಮುಚ್ಕಂಡು ಆ ವೈರ ತಡವ್ಕಂಡು ಓಗಿ. ಕರಿನ ಕಾಲು ಉಡುಕ್ತೀರಲ್ಲ, ಅಂಗೆ."

ಕಣ್ಣು ಮುಚ್ಚಿದೆ. ಸ್ವಿಚ್ಚಿನಿಂದ ಮೇಲಕ್ಕೆ ಬೆರಳು ಸರಿಸಿದೆ. ಒಂದು ಗೇಣು ಹೋಗುವಷ್ಟರಲ್ಲಿ ಕೊಕ್ಕೆ ಸಿಕ್ಕಿತು. ವೈರು ಕೊಕ್ಕೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡಿತ್ತು. ಹೊರಗಿನ ಕಪ್ಪು ಹೊದಿಕೆ ಹಾಗೇ ಇತ್ತು, ಒಳಗೆ ಮೆತ್ತಗಿತ್ತು. ತಾಮ್ರದ ಎಳೆ ಒಳಗೇ ತುಂಡಾಗಿತ್ತು. ಕ್ಯಾನ್ ಹೊತ್ತು ಹಳ್ಳಕ್ಕೆ ಇಳಿದಾಗಲೆಲ್ಲ ಹಗ್ಗ ಎಳೆದು ತುಂಡು ಬಾಯಿಬಿಡುತ್ತಿತ್ತು, ಸ್ಟ್ಯಾಂಡ್ ಇಳಿದಿದೆ ಎಂದುಕೊಂಡು ಎಂಜಿನ್ ನಿಲ್ಲುತ್ತಿತ್ತು. ತಪ್ಪು ನಾನು ಕಟ್ಟುವ ರೀತಿಯಲ್ಲಿತ್ತು. ದಿನಕ್ಕೆ ಆರೇಳು ಸಲ ನನ್ನ ಕೈಯಿಂದಲೇ ಅದನ್ನು ಮಾಡುತ್ತಿದ್ದೆ.

ಆ ಅಜ್ಜಿಯ ಮನೆಯ ಕರು ನೆನಪಾಯಿತು. ಬೆರಳು ಅಲ್ಲೇ ಇತ್ತು, ಕಣ್ಣು ತೆರೆಯಲಾಗಲಿಲ್ಲ.

"ಸಿಕ್ತಾ?" ಎಂದರು ಅಣ್ಣ.

"ಸಿಕ್ತು."

"ಅಳಬೇಡಿ. ವೈರು ಒದ್ದೆಯಾಯ್ತದೆ."

ಕತ್ತರಿಸಿ, ಹೊಸ ತುಂಡು ಸೇರಿಸಿ, ಸುತ್ತಿ, ವೈರನ್ನು ಕೊಳವೆಯ ಒಳಮಗ್ಗುಲಿಗೆ ಕಟ್ಟುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಎರಡು ಸಲ ತಪ್ಪಾಯಿತು, ಎರಡು ಸಲವೂ ಬಿಚ್ಚಿಸಿದರು. ಕೊನೆಗೆ ಕ್ಯಾನ್ ಸಮೇತ ಹಳ್ಳವಿರುವ ದಾರಿಯಲ್ಲಿ ಹೋಗಿಬರಲು ಕಳಿಸಿದರು. ಎಂಜಿನ್ ನಿಲ್ಲಲಿಲ್ಲ. ವಾಪಸು ಬಂದು ನಿಂತಾಗ, ಸ್ಟ್ಯಾಂಡ್ ಇಳಿಸಿ ಗೇರ್ ಹಾಕಲು ಹೇಳಿದರು. ಹಾಕಿದೆ. ಎಂಜಿನ್ ತಟ್ಟನೆ ನಿಂತಿತು. ಅಣ್ಣನ ಮುಖ ಅರಳಿತು. "ಆ, ಮಾತು ಬಂತು ನೋಡಿ" ಎಂದರು.

ಭುಜ ಕೂಡಿತು, ಅವರು ಮತ್ತೆ ಕೆಲಸ ಮಾಡಿದರು. ಅವರನ್ನು ಬಲಿ ತೆಗೆದುಕೊಂಡದ್ದು ಮೂತ್ರಪಿಂಡದ ಕಾಯಿಲೆ, ಎರಡು ವರ್ಷದ ನಂತರ. ಅವರು ಗ್ಯಾರೇಜಿಗೆ ಬರುವುದು ನಿಂತ ಮೇಲೆ ನಾನು ವಾರಕ್ಕೆರಡು ಸಲ ಮನೆಗೆ ಹೋಗುತ್ತಿದ್ದೆ. ಪಾದಗಳು ಊದಿದ್ದವು. ಮಂಚದ ಕೆಳಗೆ ಟ್ಯೂಬಿನ ಪಟ್ಟಿಯ ಚಪ್ಪಲಿ ಜೋಡಿಸಿಟ್ಟಿರುತ್ತಿತ್ತು.

ಒಂದು ಬೆಳಿಗ್ಗೆ, ಅಕ್ಕ ಅಡುಗೆಮನೆಯಲ್ಲಿದ್ದಾಗ, ಹೇಳಿದೆ. "ಅಣ್ಣ, ಅವತ್ತು ನೀವು ಹೊರಟಾಗ ಸ್ಟ್ಯಾಂಡ್ ಇಳಿದಿದ್ದು ನಾನು ನೋಡಿದ್ದೆ. ಮೊದಲೇ ನೋಡಿದ್ದೆ. ಕೂಗಿದ್ದರೆ ನೀವು ನಿಲ್ಲಿಸುತ್ತಿದ್ದಿರಿ. ನನ್ನ ಬಂಡವಾಳ ಗೊತ್ತಾಗುತ್ತೆ ಅಂತ ತಡ ಮಾಡಿದೆ."

ಅವರು ಸೂರು ನೋಡುತ್ತಾ ಮಲಗಿದ್ದರು.

"ಗಾಡಿ ಕನ್ನಡೀಲಿ ನೀವು ನಂಗೆ ಕಂಡಿದ್ರಿ" ಎಂದರು ಆಮೇಲೆ. "ಕೈ ಎತ್ತಿದ್ರಿ. ಟಾಟಾ ಮಾಡ್ತಾವ್ರೆ ಅನ್ಕಂಡೆ. ಅರ್ಧ ಮೈಲಿ ಓಗಕ್ಕೆ ಟಾಟಾ ಯಾಕಪ್ಪ, ಒಳ್ಳೆ ಮನ್ಸ ಅನ್ಕಂಡು ತಿರುಗುಸ್ದೆ."

ನಾನು ಮಂಚದ ಅಂಚಿಗೆ ಕೂತೆ.

"ಕೂಗಿ ಈಗ" ಎಂದರು.

"ಈಗಲಾ?"

"ಅವತ್ತು ಬಾಯಲ್ಲೇ ಇಟ್ಕಂಡ್ರಲ್ಲ, ಅದ ಈಗ ಕೂಗಿ."

"ಸ್ಟ್ಯಾಂಡು" ಎಂದೆ.

"ಇಷ್ಟು ಮೆಲ್ಲಗೆ ಅಂದ್ರೆ ನಿಮ್ಮ ಹಸವೂ ತಿರುಗಿ ನೋಡಾಕಿಲ್ಲ. ನಾನು ಅರಳಿಕಟ್ಟೆ ತಾವ ಇವ್ನಿ."

"ಅಣ್ಣಾ, ಸ್ಟ್ಯಾಂಡೂ!" ಎಂದು ಕೂಗಿದೆ. ಮನೆಯೆಲ್ಲ ಕೇಳಿಸಿತು. ಅಕ್ಕ ಸೌಟು ಹಿಡಿದುಕೊಂಡೇ ಓಡಿಬಂದರು. "ಏನಾಯ್ತು? ಯಾವ ಸ್ಟ್ಯಾಂಡು?"

"ಏನಿಲ್ಲ ಕಣೇ," ಎಂದರು ಅಣ್ಣ. "ಡಾಕ್ಟ್ರು ಒಂದು ಮಾತ ಯೋಳದು ಮರ್ತಿದ್ರು. ಯೋಳಕ್ಕೆ ಬಂದವ್ರೆ. ಕಾಪಿ ಕೊಡು." ಹಾಗೆನ್ನುತ್ತಾ ಹೊದಿಕೆಯ ಕೆಳಗೆ ಎಡಗಾಲನ್ನು ನಿಧಾನವಾಗಿ ಹಿಂದಕ್ಕೆ ಒದ್ದರು, ಸ್ಟ್ಯಾಂಡ್ ಎತ್ತುವ ಹಾಗೆ.

ಅದಾದ ಹನ್ನೊಂದನೆಯ ದಿನ ಅವರು ತೀರಿಕೊಂಡರು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಗ್ಯಾರೇಜಿನ ಬಾಗಿಲು ಈಗ ಹಾಕಿರುತ್ತದೆ. ಮೊನ್ನೆ ಆಸ್ಪತ್ರೆಯ ಅಂಗಳದಲ್ಲಿ ಒಂದು ಕರುವಿಗೆ ಚುಚ್ಚುಮದ್ದು ಕೊಡುತ್ತಿದ್ದೆ. ರಸ್ತೆಯಲ್ಲಿ ಗುರುತಿಲ್ಲದ ಒಬ್ಬ ಸವಾರ, ಹಿಂದೆ ಹೆಂಡತಿ, ಮಧ್ಯೆ ಮಗು. ಸ್ಟ್ಯಾಂಡ್ ಇಳಿದಿತ್ತು. ನನ್ನ ಕೂಗಿಗೆ ಕರು ಬೆಚ್ಚಿ ಹಗ್ಗ ಎಳೆಯಿತು, ಹಿಟ್ಟಿನ ಗಿರಣಿಯವರು ಹೊರಗೆ ಬಂದು ನೋಡಿದರು. ಸವಾರ ತಿರುಗಲಿಲ್ಲ. ಹಿಮ್ಮಡಿಯಿಂದ ಸ್ಟ್ಯಾಂಡನ್ನು ಒದ್ದು, ಒಂದು ಕೈ ಎತ್ತಿದ. ನಾನೂ ಎತ್ತಿದೆ. ಅವನು ಅರಳಿಕಟ್ಟೆಯ ತಿರುವಿನಲ್ಲಿ ಎಡಕ್ಕೆ ಬಾಗಿ ಕಣ್ಮರೆಯಾಗುವವರೆಗೆ ಇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದ್ದರೆ ಟಾಟಾ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು.